ಕಾರಿನ ಹಿಂಗಣ್ಣಿಗೆ ಕುಂಕುಮ

ಹೋದ ತಿಂಗಳು ಒಂದು ಶುಕ್ರವಾರ ಬೆಳಿಗ್ಗೆ ನನಗೆ ಒಂದು ಕಾರು ಅರಿಶಿನ-ಕುಂಕುಮ ಕೊಟ್ಟಿತು.

ಕೊಟ್ಟದ್ದು ಹಣೆಗಲ್ಲ. ಸೊಂಟದ ಕೆಳಗೆ, ಹಿಂಭಾಗಕ್ಕೆ. ಅಂಥ ಜಾಗಕ್ಕೆ ಕುಂಕುಮ ಇಡಿಸಿಕೊಂಡ ಗಂಡಸು ಜೆ.ಪಿ. ನಗರದ ಚರಿತ್ರೆಯಲ್ಲಿ ನಾನೊಬ್ಬನೇ ಇರಬೇಕು. (ಇನ್ನೊಬ್ಬರಿದ್ದರೆ ದಯವಿಟ್ಟು ಮುಂದೆ ಬನ್ನಿ. ಸಂಘ ಕಟ್ಟೋಣ.)

ಕುಂಕುಮದ ಜೊತೆಗೆ ಪ್ರಸಾದವಾಗಿ ಬಲಗೈಯ ಮಣಿಕಟ್ಟನ್ನೂ ಮುರಿದು ಕೊಟ್ಟರು. ಹಾಗಾಗಿ ಈ ವಾರದ ಅಂಕಣವನ್ನು ನಾನು ಬಾಯಲ್ಲಿ ಹೇಳುತ್ತಿದ್ದೇನೆ, ನನ್ನ ಹೆಂಡತಿ ಶಾರದಾ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡುತ್ತಿದ್ದಾಳೆ. ಇಷ್ಟು ವರ್ಷ ನಾನು ಬರೆದದ್ದನ್ನು ಅವಳು ಓದುತ್ತಿರಲಿಲ್ಲ. ಈಗ ವಿಧಿಯಿಲ್ಲ. ಈ ಅಪಘಾತದಿಂದ ಕನ್ನಡ ಸಾರಸ್ವತ ಲೋಕಕ್ಕೆ ಆದ ಲಾಭ ಇದೊಂದೇ.

(ಲಾಭವೋ ನಷ್ಟವೋ ಓದುಗರು ಹೇಳಲಿ. ನಡುನಡುವೆ ನನ್ನ ಮಾತೂ ಬರುತ್ತೆ. ಹೆಸರು ಹಾಕಿಯೇ ಬರೆಯುತ್ತೇನೆ. — ಶಾರದಾ)

ಇದು ಪ್ರಜಾಪ್ರಭುತ್ವ. ಮುಂದುವರಿಯೋಣ.

ಶುಕ್ರವಾರ ಪೂಜೆಗೆ ಹೂವು ತರುವುದು ನಮ್ಮ ಮನೆಯ ಸಂಪುಟದಲ್ಲಿ ನನಗೆ ಕೊಟ್ಟಿರುವ ಏಕೈಕ ಖಾತೆ. ಜರಗನಹಳ್ಳಿ ಕಡೆಗೆ ನಾಲ್ಕು ಹೆಜ್ಜೆ ಹಾಕಿದರೆ ಕನಕಪುರ ರಸ್ತೆಯ ಬಸ್ ಸ್ಟಾಪಿನ ಪಕ್ಕ ಹೂವಿನವರು ಕೂತಿರುತ್ತಾರೆ. ಇಸ್ತ್ರಿ ಮಾಡಿದ ಬಿಳಿ ಜುಬ್ಬಾ ತೊಟ್ಟು, ಬಟ್ಟೆ ಚೀಲದಲ್ಲಿ ಸೇವಂತಿಗೆ ಹಾಕಿಸಿಕೊಂಡು, ಒಬ್ಬ ಜವಾಬ್ದಾರಿಯುತ ನಾಗರಿಕ ಹೇಗೆ ನಡೆಯಬೇಕೋ ಹಾಗೆ ನಡೆದು ವಾಪಸ್ ಬರುತ್ತಿದ್ದೆ.

ಎಲ್ಲಿ ನಡೆಯುತ್ತಿದ್ದೆ? ರಸ್ತೆಯಲ್ಲಿ. ಈ ಪ್ರಶ್ನೆ ಮುಂದೆ ಬಹಳ ದೊಡ್ಡದಾಗುತ್ತದೆ, ಹಾಗಾಗಿ ಈಗಲೇ ಒಪ್ಪಿಕೊಂಡುಬಿಡುತ್ತೇನೆ.

ನಮ್ಮ ಅಡ್ಡರಸ್ತೆಗೆ ಫುಟ್‌ಪಾತ್ ಇದೆ. ಇಲ್ಲವೆಂದು ಯಾರೂ ಅಪಪ್ರಚಾರ ಮಾಡಬಾರದು. ಅದರ ಮೇಲೆ ಟ್ರಾನ್ಸ್‌ಫಾರ್ಮರ್ ಇದೆ. ಕ್ರೋಟನ್ ಕುಂಡಗಳಿವೆ. ಸೆಕ್ಯೂರಿಟಿಯವರ ಕುರ್ಚಿ ಇದೆ. ಪ್ರತಿ ಗೇಟಿನ ಮುಂದೆಯೂ ಕಾರು ಹತ್ತಿ ಇಳಿಯಲು ಕಾಂಕ್ರೀಟಿನ ಇಳಿಜಾರು ಇದೆ, ಅದರ ಅಂಚು ಚರಂಡಿ ದಾಟಿ ರಸ್ತೆಗೇ ಕಾಲು ಚಾಚಿದೆ. ಇಲ್ಲದಿರುವುದು ಮನುಷ್ಯನಿಗೆ ಜಾಗ, ಅಷ್ಟೆ. ಮೇಕೆಯಾಗಿದ್ದರೆ ಹತ್ತಿ ಇಳಿದು ಹತ್ತಿ ಇಳಿದು ಮನೆ ಸೇರಬಹುದಿತ್ತು. ನನಗೆ ಅರವತ್ತು ದಾಟಿದೆ, ಮಂಡಿ ಚಿಪ್ಪು ಸವೆದಿದೆ. ಮೇಕೆಯ ಅರ್ಹತೆ ನನಗಿಲ್ಲ.

ಆ ಇಳಿಜಾರುಗಳಲ್ಲೆಲ್ಲ ಭವ್ಯವಾದ ಇಳಿಜಾರು ಯಜಮಾನರದು. (ಪ್ರಕರಣ ಕೋರ್ಟಿನ ಮುಂದಿರುವುದರಿಂದ ಇಲ್ಲಿ ಹೆಸರು ಬೇಡ, ಯಜಮಾನರು ಎನ್ನೋಣ. ಹೆಸರು ಎಲ್ಲಿ ಇರಬೇಕೋ ಅಲ್ಲಿ ಇದೆ.) ಜರಗನಹಳ್ಳಿಯ ಹಳೇ ಮನೆತನ. ಅವರ ತಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಇವರು ಬಾಡಿಗೆದಾರರನ್ನು ಬೆಳೆಯುತ್ತಾರೆ. ಇಳುವರಿ ಚೆನ್ನಾಗಿದೆ. ಒಳ್ಳೆಯ ಮನುಷ್ಯ, ಈ ಮಾತನ್ನು ವ್ಯಂಗ್ಯವಿಲ್ಲದೆ ಹೇಳುತ್ತಿದ್ದೇನೆ. ಎದುರು ಸಿಕ್ಕರೆ ನಿಂತು ನಮಸ್ಕಾರ ಮಾಡುತ್ತಾರೆ. ಮಗಳ ಮದುವೆಗೆ ಇಡೀ ರಸ್ತೆಗೆ ಊಟ ಹಾಕಿಸಿದ್ದರು.

ಈ ದಸರೆಗೆ ಅವರು ಹೊಸ ಕಾರು ತಂದರು. ಬಿಳಿಯದು. ನಮ್ಮ ಅಡುಗೆಮನೆಗಿಂತ ಸ್ವಲ್ಪ ದೊಡ್ಡದು. ಪ್ರತಿ ಶುಕ್ರವಾರ ಅವರ ಮನೆಯಾಕೆ ತಲೆಗೆ ಸ್ನಾನ ಮಾಡಿ, ಆ ಕಾರಿಗೆ ಹಿಂದೆ ಮುಂದೆ ಅರಿಶಿನ-ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಕೈಮುಗಿದು ಒಳಗೆ ಹೋಗುತ್ತಾರೆ. ಅಪಘಾತವಾಗದಿರಲಿ ಎಂದೇ ಮಾಡುವ ಪೂಜೆ ಅದು. ಇದನ್ನು ನೆನಪಿಟ್ಟುಕೊಳ್ಳಿ.

ಆ ದಿನ ಪೂಜೆ ಮುಗಿದು ಹತ್ತು ನಿಮಿಷವೂ ಆಗಿರಲಿಲ್ಲ. ಕುಂಕುಮ ಹಸಿಯಾಗಿತ್ತು.

ನಾನು ಇಳಿಜಾರನ್ನು ಬಳಸಿಕೊಂಡು ಹೋಗಲು ಫುಟ್‌ಪಾತಿನಿಂದ ರಸ್ತೆಗೆ ಇಳಿದೆ. ಗೇಟಿನೊಳಗಿಂದ ಕಾರು ಹಿಮ್ಮುಖವಾಗಿ ಇಳಿಯಿತು. ಇಬ್ಬರೂ ಒಂದೇ ಜಾಗಕ್ಕೆ ಬಂದೆವು. ದಡ್ ಎಂದಿತು. ಸೇವಂತಿಗೆ ಒಂದು ಕಡೆ, ಕನ್ನಡಕ ಒಂದು ಕಡೆ, ನಾನು ಬಲಗೈ ಊರಿಕೊಂಡು ಮಧ್ಯೆ. ಒಂದು ಉದ್ಗಾರವನ್ನೂ ತೆಗೆಯದೆ ಧೀರನಂತೆ ಬಿದ್ದೆ.

(ಸುಳ್ಳು. ನಮ್ಮ ಮನೆಗೆ ಕೇಳಿಸಿತು. ಕುಕ್ಕರ್ ಅಂದುಕೊಂಡೆ. — ಶಾರದಾ)

ಬಿದ್ದವನು ತಿರುಗಿ ನೋಡಿದೆ. ಸ್ಟೇರಿಂಗ್ ಸೀಟಿನಿಂದ ಯಜಮಾನರು ಪಂಚೆ ಎತ್ತಿಕೊಂಡು ಧುಮುಕಿದರು. ಗೇಟಿನೊಳಗಿಂದ ಅವರ ಡ್ರೈವರ್ ಶಿವು ಕೈಯಲ್ಲಿದ್ದ ನೀರಿನ ಪೈಪು ಎಸೆದು ಓಡಿ ಬಂದ. ಹಳೇ ಕಾರು ತೊಳೆಯುತ್ತಿದ್ದನಂತೆ. ಒಬ್ಬ ಬೈಕಿನವನು ನಿಲ್ಲಿಸಿ, ಹೆಲ್ಮೆಟ್ ತೆಗೆಯದೆಯೇ ತೀರ್ಪು ಕೊಟ್ಟ:

"ಏನ್ ಅಂಕಲ್, ಗಾಡಿ ಬರೋದು ನೋಡ್ಬೇಕಲ್ವಾ?"

"ಅದು ಬರ್ತಿರ್ಲಿಲ್ಲಪ್ಪಾ," ಎಂದೆ. "ಹೋಗ್ತಿತ್ತು. ಹಿಂದಕ್ಕೆ."

ಇಷ್ಟು ಚುರುಕಾಗಿ ಅವನಿಗೆ ಉತ್ತರ ಕೊಟ್ಟವನು ಯಜಮಾನರಿಗೆ ಏನು ಹೇಳಿದೆ ಗೊತ್ತೇ? ಕೈ ಎಂಬುದು ಕೈಯ ಆಕಾರದಲ್ಲಿ ಇಲ್ಲದಿರುವುದನ್ನು ನೋಡುತ್ತಲೇ, "ಪರವಾಗಿಲ್ಲ, ಪರವಾಗಿಲ್ಲ, ಏನೂ ಆಗಿಲ್ಲ" ಎಂದೆ.

ಇದು ನಮ್ಮ ಕಡೆಯವರ ಹುಟ್ಟುಕಾಯಿಲೆ. ಬಸ್ಸಿನಲ್ಲಿ ಕಾಲು ತುಳಿದರೆ ಪರವಾಗಿಲ್ಲ. ಮದುವೆಮನೆಯಲ್ಲಿ ಪಂಚೆಯ ಮೇಲೆ ಬಿಸಿ ಸಾರು ಚೆಲ್ಲಿದರೆ ಪರವಾಗಿಲ್ಲ. ಯಮಧರ್ಮರಾಯ ಅಡ್ರೆಸ್ ತಪ್ಪಿ ನಮ್ಮ ಬಾಗಿಲು ತಟ್ಟಿದರೂ "ಪರವಾಗಿಲ್ಲ, ಬಂದಿದ್ದೀರಿ, ಕಾಫಿ ಕುಡಿದು ಹೋಗಿ" ಎನ್ನುವ ಜನ ನಾವು. ಸಭ್ಯತೆ ಎಂದು ನಮಗೆ ಕಲಿಸಿದರು. ಆದರೆ ರಸ್ತೆಯಲ್ಲಿ ಬಿದ್ದಿರುವವನ ಬಾಯಿಂದ ಬಂದ ಸಭ್ಯತೆ, ಮಾರನೆಯ ದಿನ ಎದುರು ಪಾರ್ಟಿಯ ಸಾಕ್ಷಿಯಾಗಿ ಬಂದು ನಿಲ್ಲುತ್ತದೆ ಎಂದು ಯಾರೂ ಕಲಿಸಲಿಲ್ಲ.

ಅದೇ ಕಾರಿನಲ್ಲಿ ನನ್ನನ್ನು ನರ್ಸಿಂಗ್ ಹೋಮಿಗೆ ಕರೆದೊಯ್ದರು. ಯಜಮಾನರೇ ಓಡಿಸಿದರು. ಹಿಂದಿನ ಸೀಟಿನಲ್ಲಿ ಶಿವು ನನ್ನ ಕೈಯನ್ನು ಹೂಬತ್ತಿಯ ಹಾಗೆ ಹಿಡಿದುಕೊಂಡಿದ್ದ. ದಾರಿಯುದ್ದಕ್ಕೂ ಯಜಮಾನರು ಗೋಳಾಡಿಕೊಂಡರು.

"ಈ ಹಾರ ಹಾಕಿದ್ರೆ ಸಾಕು ಸಾರ್, ಹಿಂದ್ಗಡೆ ಸೆನ್ಸಾರು ಕುಯ್ಯೋ ಅಂತ ಬಡ್ಕೊಳುತ್ತೆ. ಹೂವನ್ನೇ ಗೋಡೆ ಅಂದ್ಕೊಳುತ್ತೆ. ಅದಕ್ಕೇ ಆಫ್ ಮಾಡಿಟ್ಟಿದ್ದೆ."

"ಕ್ಯಾಮೆರಾ?" ಎಂದೆ ಹಲ್ಲು ಕಚ್ಚಿಕೊಂಡು.

"ಅದ್ರಲ್ಲಿ ಇವತ್ತು ಬರೀ ಕೆಂಪು ಸಾರ್. ಸ್ಕ್ರೀನ್ ತುಂಬಾ ಕೆಂಪು. ನಮ್ಮನೆಯವಳು ಅದರ ಮೇಲೇ ಬೊಟ್ಟು ಇಟ್ಟವಳೆ."

ಅರ್ಥವಾಯಿತೇ? ಕಾರಿನ ಬೆನ್ನ ನಡುವೆ ದುಂಡಗೆ, ಕಪ್ಪಗೆ, ಬೊಟ್ಟಿಗೆಂದೇ ಮಾಡಿಟ್ಟ ಹಾಗಿದ್ದ ಜಾಗ ಅದು. ಆ ತಾಯಿಯ ತಪ್ಪೇನಿಲ್ಲ. ಅಪಘಾತ ತಡೆಯಲು ಕಂಪನಿಯವರು ಕೊಟ್ಟ ಹಿಂಗಣ್ಣಿಗೆ, ಅಪಘಾತ ತಡೆಯಲು ಮಾಡಿದ ಪೂಜೆಯಿಂದಲೇ ಪೊರೆ ಬಂದಿತ್ತು. ಕಣ್ಣು ಮುಚ್ಚಿದ್ದು ಭಕ್ತಿ, ಬಾಯಿ ಮುಚ್ಚಿಸಿದ್ದು ಯಜಮಾನರು. ಸ್ಕ್ರೀನ್ ತುಂಬಾ ಕೆಂಪು ಕಂಡಾಗ ನಿಲ್ಲಿಸಬೇಕು ಎಂದು ಅವರಿಗೆ ತೋಚಲಿಲ್ಲ. (ನಮ್ಮೂರಲ್ಲಿ ಕೆಂಪು ಕಂಡರೆ ಯಾರು ನಿಲ್ಲಿಸುತ್ತಾರೆ?)

"ಶಿವುನಾದ್ರೂ ಹಿಂದೆ ನಿಲ್ಸಿದ್ರೆ ಆಗ್ತಿತ್ತಲ್ಲ," ಎಂದೆ.

"ಅಯ್ಯೋ, ನನಗೆ ಯಾರೂ ಸೈಡ್ ಹೇಳೋದು ಬೇಡ ಸಾರ್. ಟ್ರ್ಯಾಕ್ಟರ್ ಓಡಿಸ್ದವನು ನಾನು."

ನರ್ಸಿಂಗ್ ಹೋಮಿನ ಕೌಂಟರಿನಲ್ಲಿ ಹುಡುಗಿ ಕೇಳಿದಳು: "ಏನಾಯ್ತು?"

ನಾನು ಬಾಯಿ ತೆರೆಯುವ ಮೊದಲೇ ಯಜಮಾನರು ಹೇಳಿದರು: "ಜಾರಿ ಬಿದ್ರಮ್ಮಾ. ಮನೆ ಮುಂದೆ ನೀರು ಹಾಕಿದ್ರು, ಜಾರ್ಬಿಟ್ರು." ಆಮೇಲೆ ನನ್ನ ಕಿವಿಯಲ್ಲಿ, "ಆಕ್ಸಿಡೆಂಟ್ ಅಂದ್ರೆ ಪೊಲೀಸು ಗಿಲೀಸು ಅಂತ ಲೇಟ್ ಮಾಡ್ತಾರೆ ಸಾರ್. ನಿಮಗೆ ಮೊದ್ಲು ಟ್ರೀಟ್‌ಮೆಂಟ್ ಆಗ್ಲಿ."

ಹುಡುಗಿ ನನ್ನ ಕಡೆ ನೋಡಿದಳು. "ಹೌದಾ ಅಂಕಲ್?"

ನಾನು ತಲೆಯಾಡಿಸಿದೆ.

ಮಣಿಕಟ್ಟು ಮುರಿದಿದ್ದು ರಸ್ತೆಯಲ್ಲಿ. ಬೆನ್ನುಮೂಳೆ ಮುರಿದಿದ್ದು ಈ ಕೌಂಟರಿನ ಮುಂದೆ.

ಕೈಗೆ ಬ್ಯಾಂಡೇಜು ಸುತ್ತಿಸಿಕೊಂಡು ಮನೆಗೆ ಬಂದೆ. ಶಾರದಾ ಜುಬ್ಬಾ ಬಿಚ್ಚಿಸಿದಳು. ಬೆಳಕಿಗೆ ಹಿಡಿದಳು. ಹಿಂಭಾಗದಲ್ಲಿ ಅಂಗೈ ಅಗಲದ ಅರಿಶಿನ, ಅದರ ನಡುವೆ ಕುಂಕುಮ, ಅದಕ್ಕೆ ಅಂಟಿದ ಒಂದು ಚೆಂಡುಹೂವಿನ ಎಸಳು.

"ಏನ್ರೀ ಇದು? ಜಾರಿ ಬಿದ್ದೋರಿಗೆ ಇಲ್ಲಿ ಕುಂಕುಮ ಯಾರು ಇಟ್ರು?"

ನಡೆದದ್ದನ್ನು ಹೇಳಿದೆ. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಮೂವತ್ತು ಚಿಲ್ಲರೆ ವರ್ಷದ ಸಂಸಾರದಲ್ಲಿ ಕಲೆಯಾದ ಬಟ್ಟೆಯನ್ನು ತಕ್ಷಣ ನೆನೆಹಾಕದೆ ಬಿಟ್ಟವಳಲ್ಲ ಅವಳು. ಅಂದು ಜುಬ್ಬಾವನ್ನು ಮಡಿಸಿ, ಕವರಿನಲ್ಲಿ ಹಾಕಿ, ಬೀರುವಿನಲ್ಲಿ ರೇಷ್ಮೆ ಸೀರೆಗಳ ಪಕ್ಕ ಇಟ್ಟಳು.

"ಅವ್ರು ಗುದ್ದಿದಾರೆ. ನೀವು ಜಾರಿದ್ದು ಅಂತ ಬರೆಸ್ಕೊಂಡು ಬಂದಿದೀರ," ಎಂದಳು. "ಹೋಗ್ಲಿ ಬಿಡಿ, ನೀವು ಎಂಥೋರು ಅಂತ ನನಗೆ ಗೊತ್ತೇ ಇತ್ತಲ್ಲ."

ಓದುಗ ಮಹಾಶಯರೇ, ಗಂಡಸಿನ ಸ್ವಾಭಿಮಾನವನ್ನು ಎಬ್ಬಿಸಲು ಕಹಳೆ ಊದಬೇಕಾಗಿಲ್ಲ. "ಹೋಗ್ಲಿ ಬಿಡಿ" ಸಾಕು. ಮಾರನೆಯ ಬೆಳಿಗ್ಗೆ ನಾನು ಯುದ್ಧ ಸಾರಿದೆ.

ಮೊದಲು ನರ್ಸಿಂಗ್ ಹೋಮ್. ಡಾಕ್ಟರು ನಮ್ಮ ಸೊಸೆಯ ವಯಸ್ಸಿನವರು.

"ಅಂಕಲ್, ಜಾರಿ ಬಿದ್ದೆ ಅಂತ ನೀವೇ ಒಪ್ಕೊಂಡ್ರಲ್ಲ?"

"ಒಪ್ಪಿಕೊಂಡೆ ಡಾಕ್ಟ್ರೇ. ತಪ್ಪು. ಈಗ ನಿಜ ಹೇಳ್ತಿದೀನಿ."

ಆಕೆ ನನ್ನ ಸೊಂಟದ ಹಿಂದೆ ನೀಲಿಗಟ್ಟಿದ್ದ ಪೆಟ್ಟನ್ನು ನೋಡಿದರು. ಜುಬ್ಬಾ ನೋಡಿದರು. ನಗು ತಡೆದುಕೊಂಡರು. "ಹಳೇದನ್ನ ಅಳಿಸೋಕಾಗಲ್ಲ ಅಂಕಲ್. ಇವತ್ತಿನ ತಾರೀಖು ಹಾಕಿ ನೀವು ಈಗ ಹೇಳಿದ್ದನ್ನೂ ಪೆಟ್ಟಿನ ಗುರುತನ್ನೂ ಕೆಳಗೆ ಬರೀತೀನಿ. ಪೊಲೀಸ್ರಿಗೂ ತಿಳಿಸ್ತೀವಿ. ಮೊದಲೇ ಹೇಳಿದ್ರೂ ನಿಮ್ಮ ಟ್ರೀಟ್‌ಮೆಂಟ್ ಏನೂ ನಿಲ್ತಿರ್ಲಿಲ್ಲ."

ಕೇಳಿಸಿಕೊಂಡಿರಾ? ನಿಲ್ಲುತ್ತಿರಲಿಲ್ಲ. ಪೊಲೀಸರು ಬರುವವರೆಗೂ ಗಾಯಾಳುವಿಗೆ ಔಷಧಿ ಕೊಡುವುದಿಲ್ಲ ಎನ್ನುವುದು ಗುದ್ದಿದವರು ಕಾಪಾಡಿಕೊಂಡು ಬಂದಿರುವ ಪುರಾತನ ಪುರಾಣ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸುವುದು ಎಷ್ಟು ಕರ್ತವ್ಯವೋ, ಪೊಲೀಸರಿಗೆ ತಿಳಿಸುವುದೂ ವಾಹನ ಓಡಿಸಿದವನಿಗೆ ಕಾನೂನು ಹೇಳಿರುವ ಅಷ್ಟೇ ಕರ್ತವ್ಯ. ಯಜಮಾನರು ಮೊದಲರ್ಧವನ್ನು ಬಹಳ ಪ್ರೀತಿಯಿಂದ ನೆರವೇರಿಸಿದ್ದರು.

ಅಲ್ಲಿಂದ ಸಂಚಾರ ಠಾಣೆಗೆ ಹೋಗಿ ದೂರು ಕೊಟ್ಟೆ. ಎಡಗೈಯಲ್ಲಿ ಸಹಿ. ಅದು ಕೋಳಿ ಕೆದರಿದಂತಿತ್ತು. ಆದರೂ ನನ್ನದೇ.

ದೂರು ಕೊಟ್ಟ ಸುದ್ದಿ ಬಿಸಿ ಆರುವ ಮುಂಚೆ ತ್ಯಾಗರಾಜನಗರದಿಂದ ನನ್ನ ಭಾವಮೈದ ನಾಗೇಶ ಬಂದ. ನಮ್ಮ ಕುಟುಂಬದಲ್ಲಿ ಶಾಂತಿ ಸ್ಥಾಪನೆಯ ಗುತ್ತಿಗೆ ಅವನದು.

"ಭಾವ, ಕೋರ್ಟು ಕಚೇರಿ ಯಾಕೆ? ದಿನಾ ಮುಖ ನೋಡೋ ಜನ. ಖರ್ಚೆಲ್ಲಾ ಕೊಡ್ತೀನಿ ಅಂತಿದಾರೆ. ದೊಡ್ಡ ಮನಸ್ಸು ಮಾಡಿ."

"ಖರ್ಚು ಬೇಡ ಕಣೋ. ಅದಕ್ಕೆ ಇನ್ಶೂರೆನ್ಸ್ ಇದೆ. ಅವರ ಕಾರಿಗೆ ಥರ್ಡ್ ಪಾರ್ಟಿ ವಿಮೆ ಇರೋದೇ ನನ್ನಂಥ ಮೂರನೆಯವನಿಗೆ. ನನಗೆ ಬೇಕಾಗಿರೋದು ಒಂದೇ ಮಾತು. ನಾನು ಗುದ್ದಿದೆ ಅಂತ ಅವರು ಹೇಳಬೇಕು."

"ಹೇಳಿದ್ರೆ ಏನ್ ಬರುತ್ತೆ ಭಾವ?"

ಏನು ಬರುತ್ತದೆ! ಇದು ಪ್ರಶ್ನೆ. ಈ ಊರಿನಲ್ಲಿ ಅಪಘಾತ ಎಂಬುದನ್ನು ಯಾರೂ ಮಾಡುವುದಿಲ್ಲ, ಅದು ಆಗುತ್ತದೆ. ಮಳೆಯಾಗುತ್ತದೆ, ಮಗು ಆಗುತ್ತದೆ, ಆಕ್ಸಿಡೆಂಟ್ ಆಗುತ್ತದೆ. ಯಾರೋ ಸೆನ್ಸಾರ್ ಆಫ್ ಮಾಡಿದರು, ಯಾರೋ ಕೆಂಪು ಸ್ಕ್ರೀನ್ ನೋಡಿಕೊಂಡೇ ರಿವರ್ಸ್ ಹಾಕಿದರು, ಯಾರೋ ಫುಟ್‌ಪಾತ್ ನುಂಗಿದರು ಎಂದು ಯಾರೂ ಹೇಳುವುದಿಲ್ಲ. ಬಿದ್ದವನ ಗ್ರಹಚಾರ. ಶನಿಗೆ ಎಳ್ಳೆಣ್ಣೆ ದೀಪ ಹಚ್ಚು. ಎಲ್ಲ ಅಪಘಾತವನ್ನೂ ಗ್ರಹಚಾರದ ಖಾತೆಗೆ ಬರೆದರೆ ಕ್ಯಾಮೆರಾ ಒರೆಸುವವರು ಯಾರು?

ಮಾರನೆಯ ದಿನ ಯಜಮಾನರೇ ಬಂದರು. ಸೇಬು, ದಾಳಿಂಬೆ, ಎಳನೀರು. ಜಾರಿದ ಕತೆ ಕೈಬಿಟ್ಟಿದ್ದರು. ಹೊಸ ಕತೆ ತಂದಿದ್ದರು.

"ಸಾರ್, ಆಯ್ತು, ಗಾಡಿ ತಾಗಿದೆ. ಒಪ್ತೀನಿ. ಓಡಿಸ್ತಿದ್ದಿದ್ದು ಶಿವು ಅಂತ ಇಟ್ಕೊಳ್ಳೋಣ. ಅವ್ನೂ ಒಪ್ಪಿದಾನೆ. ನನ್ನ ಹೆಸರು ಠಾಣೆಯಲ್ಲಿ ಬಂದ್ರೆ ಊರಲ್ಲಿ ತಲೆ ಎತ್ತೋಕಾಗಲ್ಲ. ನಮ್ಮಪ್ಪನ ಕಾಲದಿಂದ ಒಂದು ಕೇಸಿಲ್ಲ ನಮ್ಮ ಮನೆ ಮೇಲೆ."

"ಶಿವು ಮನೆ ಮೇಲೆ ಎಷ್ಟು ಕೇಸಿದೆ?" ಎಂದು ಒಳಗಿನಿಂದ ಶಾರದಾ ಕೇಳಿದಳು.

ಅವರು ಎಳನೀರಿನ ಕಡೆ ನೋಡಿದರು. ಆಮೇಲೆ ಕೊನೆಯ ಅಸ್ತ್ರ ತೆಗೆದರು. "ಅಲ್ಲಾ ಸಾರ್, ಬೇಜಾರು ಮಾಡ್ಕೋಬೇಡಿ, ನೀವೂ ರೋಡಲ್ಲಿ ಯಾಕೆ ನಡೀತಿದ್ರಿ? ಮೇಲಿಂದ ನೀವೇ ಪರವಾಗಿಲ್ಲ ಅಂದ್ರಿ."

ಬಂತು ನೋಡಿ. ಫುಟ್‌ಪಾತ್ ಮೇಲೆ ಅವರ ಇಳಿಜಾರು. ಇಳಿಜಾರು ಬಳಸಲು ನಾನು ರಸ್ತೆಗೆ ಇಳಿಯಬೇಕು. ಇಳಿದರೆ ಇಳಿದದ್ದೇ ನನ್ನ ತಪ್ಪು. ಮನೆಯಿಂದ ಆಚೆ ಹಾಕಿ, ಆಚೆ ಯಾಕೆ ನಿಂತಿದ್ದೀಯ ಎಂದು ಗದರುವ ನ್ಯಾಯ ಇದು.

ನಾನು ಗಂಟಲು ಸರಿಮಾಡಿಕೊಂಡು ಘೋಷಿಸಿದೆ: "ಯಜಮಾನ್ರೇ, ನಾನು ಪತ್ರಿಕೆಗೆ ಬರೆಯೋನು. ಒಬ್ಬರು ಮಾಡಿದ್ದಕ್ಕೆ ಇನ್ನೊಬ್ಬರ ಹೆಸರು ಹಾಕೋದನ್ನ ನಮ್ಮಲ್ಲಿ ಕೃತಿಚೌರ್ಯ ಅಂತಾರೆ. ಈ ಮಣಿಕಟ್ಟು ನಿಮ್ಮ ಸ್ವತಂತ್ರ ಕೃತಿ. ಇದನ್ನ ಶಿವು ಹೆಸರಲ್ಲಿ ಪ್ರಕಟಿಸೋಕೆ ನಾನು ಒಪ್ಪಲ್ಲ."

(ಇಷ್ಟು ಚೆನ್ನಾಗಿ ಹೇಳಲಿಲ್ಲ. "ಆಗಲ್ಲ, ಆಗಲ್ಲ" ಅಂದರು ಅಷ್ಟೆ. ಕೃತಿಚೌರ್ಯ ಎಲ್ಲಾ ಇವತ್ತು ಹೊಳೆದದ್ದು. — ಶಾರದಾ)

ಭಾವಾರ್ಥ ಅದೇ.

ಇಲ್ಲಿಯವರೆಗೆ ಸುಲಭವಿತ್ತು. ಸಾಯಂಕಾಲ ಶಿವು ಒಬ್ಬನೇ ಬಂದ. ಚಪ್ಪಲಿ ಮೆಟ್ಟಿಲ ಕೆಳಗೇ ಬಿಟ್ಟು ಬಾಗಿಲಲ್ಲಿ ನಿಂತ. ಕರೆದರೂ ಕೂರಲಿಲ್ಲ.

"ಸಾರ್, ನನ್ ಹೆಸರೇ ಹೇಳ್ಬಿಡಿ ಸಾರ್."

"ನೀನು ಗುದ್ದಿಲ್ಲವಲ್ಲಪ್ಪಾ."

"ಗುದ್ದಿಲ್ಲ ಸಾರ್. ಆದ್ರೆ ಹೇಳ್ಬಿಡಿ. ಇಲ್ಲಾಂದ್ರೆ ಬರೋ ತಿಂಗಳಿಂದ ಬರ್ಬೇಡ ಅಂತಾರೆ. ಎರಡು ಮಕ್ಳು ಸಾರ್."

ಶಾರದಾ ಕಾಫಿ ತಂದು ಅವನ ಕೈಗೇ ಕೊಟ್ಟಳು. "ಜೂನ್‌ಗೆ ಸ್ಕೂಲ್ ವ್ಯಾನ್ ಕೆಲಸ ಕೇಳಿದೀನಿ ಅಂತಿದ್ದೆಯಲ್ಲ ಶಿವು. ಆಕ್ಸಿಡೆಂಟ್ ಕೇಸ್ ಇರೋ ಡ್ರೈವರ್ ಕೈಗೆ ಮಕ್ಕಳನ್ನ ಕೊಡ್ತಾರಾ?"

"ಕೊಡಲ್ಲಕ್ಕಾ."

"ಮತ್ತೆ?"

"ಜೂನ್ ತನಕ ಏನಕ್ಕಾ ತಿನ್ನೋದು?"

ಸತ್ಯ ಹೇಳುತ್ತೇನೆ ಎಂದು ಎದೆ ತಟ್ಟಿಕೊಳ್ಳುವುದು ಪೆನ್ಶನ್ ಬರುವವನಿಗೆ ಎಷ್ಟು ಹಗುರ! ಯಜಮಾನರ ಹೆಸರು ಹೇಳಿದರೆ ಇವನ ಈ ತಿಂಗಳ ಅನ್ನ ಹೋಗುತ್ತದೆ. ಇವನ ಹೆಸರು ಹೇಳಿದರೆ ಬದುಕಿಡೀ ಸ್ಟೇರಿಂಗ್ ಹೋಗುತ್ತದೆ. ಇಷ್ಟಕ್ಕೂ ಇವನು ಮಾಡಿದ ಅಪರಾಧವೇನು? ನನ್ನ ಕೈಯನ್ನು ನರ್ಸಿಂಗ್ ಹೋಮಿನವರೆಗೆ ಹಿಡಿದುಕೊಂಡದ್ದು.

"ಶಿವು," ಎಂದೆ ಕೊನೆಗೆ, "ನನಗೆ ಸುಳ್ಳು ಹೇಳೋಕಾಗಲ್ಲಪ್ಪಾ."

ಅವನು ಕಾಫಿ ಮುಗಿಸಿ, ಲೋಟ ತಾನೇ ತೊಳೆಯಲು ನೋಡಿದ. ಶಾರದಾ ಕಿತ್ತುಕೊಂಡಳು. "ಬರ್ತೀನಿ ಸಾರ್" ಎಂದ. ನನ್ನ ಮುಖ ನೋಡಲಿಲ್ಲ.

ಠಾಣೆಯಲ್ಲಿ ಎಎಸ್‌ಐ ಒಬ್ಬರು ಎಲ್ಲರನ್ನೂ ಬೆಂಚಿನ ಮೇಲೆ ಕೂರಿಸಿದರು. ಸಾವಧಾನದ ಮನುಷ್ಯ. ದಿನವೂ ಎರಡು ಕತೆ ಕೇಳಿ ಕೇಳಿ ಮೂರನೆಯದನ್ನು ತಾವೇ ಊಹಿಸಬಲ್ಲ ಮುಖ.

"ಗಾಡಿ ಓಡಿಸ್ತಿದ್ದಿದ್ದು ಯಾರು?"

"ನಮ್ ಡ್ರೈವರ್ ಸಾರ್," ಎಂದರು ಯಜಮಾನರು.

"ಹೌದೇನಪ್ಪಾ?"

ಶಿವು ನೆಲ ನೋಡುತ್ತಾ, "ಹೌದು ಸಾರ್" ಎಂದ.

"ಅಲ್ಲ ಸಾರ್," ಎಂದೆ ನಾನು. "ಬಿದ್ದ ಕೂಡಲೇ ತಿರುಗಿ ನೋಡಿದೆ. ಸ್ಟೇರಿಂಗ್ ಕಡೆಯಿಂದ ಇಳಿದದ್ದು ಯಜಮಾನರು."

"ಅವರಿಗೆ ತಲೆ ತಿರುಗಿತ್ತು ಸಾರ್. ಕನ್ನಡಕಾನೂ ಬಿದ್ದೋಗಿತ್ತು."

ಕನ್ನಡಕ ಬಿದ್ದದ್ದು ನಿಜ. ತೀರ್ಪು ಕೊಟ್ಟು ಹೋದ ಆ ಹೆಲ್ಮೆಟ್ಟಿನವನು ಯಾರೆಂದು ಯಾರಿಗೂ ಗೊತ್ತಿಲ್ಲ. ಯಜಮಾನರ ಗೇಟಿನ ಸಿಸಿಟಿವಿ? ಅದಕ್ಕೂ ಪೂಜೆಯಾಗಿತ್ತು. ಅಂದು ಬೆಳಗಿನ ದೃಶ್ಯದಲ್ಲಿ ಕಂಡದ್ದು ಚೆಂಡುಹೂವೊಂದೇ ಎಂದು ಎಎಸ್‌ಐ ಆಗಲೇ ನೋಡಿ ಬಂದಿದ್ದರು. ಜುಬ್ಬಾ ಮೇಜಿನ ಮೇಲಿತ್ತು. ಅದು ಕಾರನ್ನು ತೋರಿಸುತ್ತದೆ, ಕಾರಿನೊಳಗಿದ್ದವರನ್ನು ತೋರಿಸುವುದಿಲ್ಲ. ಎಎಸ್‌ಐ ಪೆನ್ನು ಎತ್ತಿದರು. ಶಿವು ಹೆಸರಿನ ಮೊದಲ ಅಕ್ಷರ ಬೀಳಲು ಒಂದು ಉಸಿರಿನಷ್ಟು ಹೊತ್ತಿತ್ತು.

ಆಗ ಶಾರದಾ, ಮದ್ದೂರು ವಡೆ ಹೇಗಿದೆ ಎಂದು ಕೇಳುವ ದನಿಯಲ್ಲಿ, ಯಜಮಾನರ ಕಡೆ ತಿರುಗಿದಳು.

"ಪಾಪ, ಇರ್ಲಿ ಬಿಡಿ ಅಣ್ಣಾ. ದೊಡ್ಡ ಗಾಡಿ. ನಿಮಗಿನ್ನೂ ಕೈ ಕೂತಿಲ್ಲ ಅಂತ ಕಾಣುತ್ತೆ. ಅದಕ್ಕೇ ಶಿವು ಕೈಲೇ ಓಡಿಸ್ತೀರ. ಈ ವಯಸ್ಸಲ್ಲಿ ಅದೇ ಒಳ್ಳೇದು."

ಯಜಮಾನರ ಕಿವಿ ಕೆಂಪಾಯಿತು.

"ಯಾರಿಗಮ್ಮಾ ಕೈ ಕೂತಿಲ್ಲ?"

"ಅಲ್ಲಾ, ಶಿವು ರೂಢಿ ಮಾಡ್ಕೊಂಡಿದಾನೆ, ನೀವು..."

"ಯಾವನು? ಇವನಾ?" ಯಜಮಾನರು ಬೆಂಚಿನಿಂದ ಎದ್ದೇಬಿಟ್ಟರು. "ಷೋರೂಮಿಂದ ತಂದಿದ್ದು ನಾನು. ನಿಂಬೆಹಣ್ಣಿನ ಮೇಲೆ ಹತ್ಸಿದ್ದು ನಾನು. ಟ್ರ್ಯಾಕ್ಟರ್ ಓಡಿಸ್ದವನು ಕಣಮ್ಮಾ ನಾನು! ಇವತ್ತಿನ ತನಕ ಆ ಗಾಡಿ ಕೀ ಇವನ ಕೈಗೆ ಕೊಟ್ಟಿಲ್ಲ, ಸ್ಟೇರಿಂಗು ಮುಟ್ಟೋಕೆ ಬಿಟ್ಟಿಲ್ಲ!"

ಶಿವು ನೆಲದಿಂದ ತಲೆ ಎತ್ತಿದ.

ಎಎಸ್‌ಐ ಬಹಳ ಮರ್ಯಾದೆಯಿಂದ ಹೇಳಿದರು: "ಯಜಮಾನ್ರೇ, ಅದನ್ನೇ ಇನ್ನೊಂದ್ಸಲ ನಿಧಾನಕ್ಕೆ ಹೇಳಿ. ಬರ್ಕೋತೀನಿ."

(ನಾನು ನಿಜವಾಗಿಯೂ ಕನಿಕರದಿಂದ ಕೇಳಿದ್ದು. — ಶಾರದಾ)

(ಓದುಗರೇ, ನಂಬಬೇಡಿ.)

ಯಜಮಾನರು ಕೂತರು. ಶಾಲಿನ ತುದಿಯಿಂದ ಮುಖ ಒರೆಸಿಕೊಂಡರು. ಯಾರನ್ನೂ ನೋಡದೆ, "ನಾನೇ ಸಾರ್. ನಾನೇ ಗುದ್ದಿದ್ದು" ಎಂದರು. ಆ ಮಾತು ಅವರಿಗೆ ಎಷ್ಟು ಭಾರವಾಗಿತ್ತೆಂದರೆ, ಅಭ್ಯಾಸಬಲದಿಂದ ನನ್ನ ನಾಲಿಗೆಯ ತುದಿಗೆ "ಪರವಾಗಿಲ್ಲ" ಬಂದುಬಿಟ್ಟಿತ್ತು. ಹಲ್ಲು ಕಚ್ಚಿ ನುಂಗಿದೆ. ನನ್ನ ಬದುಕಿನಲ್ಲಿ ನಾನು ಹೇಳದೆ ಬಿಟ್ಟ ಮೊದಲ ಪರವಾಗಿಲ್ಲ ಅದು.

ಶಿವು? ಅವನಿಗೆ ಒಂದಷ್ಟು ದಿನ ಕೆಲಸಕ್ಕೆ ಬರಬೇಡ ಎಂದರು. ನಾಗೇಶ ಬಂದು, "ನೋಡಿ ಭಾವ, ನಿಮ್ಮ ಸತ್ಯದಿಂದ ಯಾರಿಗೇನು ಬಂತು?" ಎಂದು ಚುಚ್ಚಿ ಹೋದ. ಆ ದಿನಗಳಲ್ಲಿ ಕೈಗಿಂತ ಬೇರೆ ಏನೋ ನೋಯುತ್ತಿತ್ತು. ಆಮೇಲೆ ಯಜಮಾನರ ಮನೆಯಾಕೆಯೇ ಶಿವುವನ್ನು ವಾಪಸ್ ಕರೆಸಿದರಂತೆ. ಯಜಮಾನರು ಸ್ಟೇರಿಂಗ್ ಹಿಡಿದರೆ ತಾವು ಆ ಕಾರು ಹತ್ತುವುದಿಲ್ಲ ಎಂದು ಹಟ ಹಿಡಿದರಂತೆ. ಈಗ ಆ ಬಿಳಿ ಕಾರಿನ ಕೀ ಶಿವು ಸೊಂಟದಲ್ಲಿದೆ. ಜೂನ್ ತನಕ ಇರುತ್ತದೋ ಇಲ್ಲವೋ ಗೊತ್ತಿಲ್ಲ. ನನ್ನನ್ನು ಕಂಡರೆ ಅವನು ಇನ್ನೂ ಬೇರೆ ಕಡೆ ನೋಡುತ್ತಾನೆ. ನೋಡಲಿ. ಅದು ಅವನ ಹಕ್ಕು.

ಆದರೆ ಅವನು ರಿವರ್ಸ್ ತೆಗೆಯುವುದನ್ನು ನಾನು ನಿಂತು ನೋಡಿದ್ದೇನೆ. ಮೊದಲು ಹಾರ ತೆಗೆದು ಗೇಟಿಗೆ ನೇತುಹಾಕುತ್ತಾನೆ. ತೋಳಿನಿಂದ ಕ್ಯಾಮೆರಾ ಒರೆಸುತ್ತಾನೆ. ರಸ್ತೆಗೆ ಬಂದು ಎರಡೂ ಕಡೆ ನೋಡುತ್ತಾನೆ. ಆಮೇಲೆ ಹತ್ತುತ್ತಾನೆ. ಇಷ್ಟೇ. ಇದಕ್ಕೆ ಯಾವ ಹೋಮ, ಯಾವ ಕುಂಬಳಕಾಯಿ ಬೇಕು? ಕುಂಕುಮ ಈಗ ಬಾನೆಟ್ಟಿಗೆ ಮಾತ್ರ. ದೇವರು ಅಲ್ಲಿಂದಲೂ ಸ್ವೀಕರಿಸುತ್ತಿದ್ದಾನೆ, ಇದುವರೆಗೆ ದೂರು ಬಂದಿಲ್ಲ.

ಇಳಿಜಾರು ಮಾತ್ರ ಇದ್ದಲ್ಲೇ ಇದೆ. ಅದರ ಮೇಲೂ ಪಾಲಿಕೆಗೆ ಅರ್ಜಿ ಹಾಕಿದ್ದೇನೆ. ನಮ್ಮದೂ ಸೇರಿದಂತೆ ರಸ್ತೆಯ ಎಲ್ಲ ಗೇಟುಗಳ ಇಳಿಜಾರಿನ ಮೇಲೆ. (ನಮ್ಮ ಅಪಾರ್ಟ್‌ಮೆಂಟಿನವರು ಈಗ ನನ್ನ ಜೊತೆ ಲಿಫ್ಟ್ ಹತ್ತುವುದಿಲ್ಲ. ಮಂಡಿಗೆ ಒಳ್ಳೆಯದಾಯಿತು, ನಿಲ್ಲಲು ಜಾಗ ಧಾರಾಳ.) ದೊಡ್ಡ ಮನಸ್ಸು ಮಾಡಿ ಎಂದು ನನಗೆ ಹೇಳಿದವರೆಲ್ಲ ಮೊದಲು ಒಂದು ಆಳು ನಡೆಯುವಷ್ಟು ಫುಟ್‌ಪಾತ್ ಬಿಡಲಿ. ನನ್ನ ಮನಸ್ಸಿನ ಅಳತೆ ಆಮೇಲೆ ತೆಗೆಯೋಣ.

ಜುಬ್ಬಾ ಇನ್ನೂ ಪೊಲೀಸರ ವಶದಲ್ಲಿದೆ. ಒಗೆಯುವಂತಿಲ್ಲ ಎಂದು ಶಾರದಾಗೆ ಸಂಕಟ.

(ಹೌದು. ಅರಿಶಿನದ ಕಲೆ ಹಳೆಯದಾದರೆ ಹೋಗಲ್ಲ. — ಶಾರದಾ)

ಹೋಗದಿರಲಿ. ಮೊನ್ನೆ ಪಾರ್ಕಿನಲ್ಲಿ ಹಳೆಯ ಪರಿಚಯದವರೊಬ್ಬರು ನನ್ನ ಪಟ್ಟಿ ಕಟ್ಟಿದ ಕೈ ನೋಡಿ, "ಏನ್ ಸಾರ್, ಜಾರಿ ಬಿದ್ರಂತೆ?" ಎಂದು ಲೊಚಗುಟ್ಟಿದರು.

"ಇಲ್ಲ ಸ್ವಾಮಿ," ಎಂದೆ. "ನಾನು ಬೀಳಲಿಲ್ಲ. ಬೀಳಿಸಿದರು."